ಉಂಗುರದ ಬಾಯಿ

ಫೆಬ್ರವರಿ. ಸೇಂಟ್ ಕ್ಲೇರ್ ಸರೋವರ
ಕಣ್ಣು ಹೋದಷ್ಟು ದೂರ ಗಟ್ಟಿ.
ಮೀನು ಹಿಡಿಯುವವರ ಪುಟ್ಟ ತಗಡಿನ ಗೂಡುಗಳು
ಮಂಜುಗಡ್ಡೆಯ ಮೇಲೆ ಹೊಗೆ ಬಿಡುತ್ತ ಕೂತಿವೆ.
ನಾವು ಶೆಡ್ಡಿನಲ್ಲಿ, ಸೀಮೆಎಣ್ಣೆ ಹೀಟರಿನ ಮುಂದೆ,
ಹೋದ ಬೇಸಿಗೆಯ ವೇಗವನ್ನು ಬಿಚ್ಚಿ
ಹಳೆಯ ಬೆಡ್‌ಶೀಟಿನ ಮೇಲೆ ಹರವಿದ್ದೇವೆ.

ಹಗಲಿಗೆ ನಮ್ಮಿಬ್ಬರದೂ ಶಾಲಾ ಬಸ್ಸುಗಳ ಡಿಪೋ.
ರಾತ್ರಿ ಇದು.
ಎಂಟು ರಾಡು, ಎಂಟು ಹೊಸ ಪಿಸ್ಟನ್ನು,
ಮೊಟ್ಟೆಯ ಟ್ರೇಯಲ್ಲಿ ನಂಬರು ಬರೆದ ಲಿಫ್ಟರುಗಳು.
ದೋಣಿ ಹೊರಗೆ ಟಾರ್ಪಾಲಿನಡಿ,
ಹೊಟ್ಟೆ ಖಾಲಿ.

ಸೂಪರ್‌ಚಾರ್ಜರ್ ಇನ್ನೂ ಪೆಟ್ಟಿಗೆಯಲ್ಲೇ.
ಕಣ್ಣೆದುರಿದ್ದರೆ ಅವಸರ ಹುಟ್ಟುತ್ತದೆಂದು
ಲೋರ್ನಾ ಅದಕ್ಕೆ ಕಂಬಳಿ ಹೊದಿಸಿದ್ದಾಳೆ.
ಕಂಬಳಿಯ ಮೇಲೆ ಬೆಕ್ಕು.

ಆಗಸ್ಟಿನಲ್ಲಿ ಅವಸರ ಮಾಡಿದ್ದು ಅವಳ ಗಂಡ ಆರ್ಮಾಂಡ್.
ಹಳೆಯ ಎಂಜಿನ್ನಿನ ನೆತ್ತಿಯ ಮೇಲೆ ಹಾಗೇ ಕೂರಿಸಿದ,
ಬೆಲ್ಟು ಬಿಗಿದ, ಕೊಲ್ಲಿಗೆ ಇಳಿಸಿದ.
ಹನ್ನೊಂದು ನಿಮಿಷ.
ಇಡೀ ಸರೋವರ ಬೆನ್ನ ಹಿಂದೆ ಎದ್ದು ನಿಂತಿತ್ತು
ಎಂದು ಈಗಲೂ ಕೈಯೆತ್ತಿ ತೋರಿಸುತ್ತಾನೆ.
ಹನ್ನೆರಡನೆಯ ನಿಮಿಷವನ್ನು ಹೇಳುವುದು ಅವಳು:
ಟಕ್. ಟಕ್ಕಟಕ್. ಆಮೇಲೆ ನೀರಿನ ಸದ್ದು ಮಾತ್ರ.
ಊದುವುದನ್ನು ಕೊಟ್ಟು
ಬಾರಿಸುವುದನ್ನು ಕೊಂಡ ಹಾಗಾಯಿತು.
ದಡಕ್ಕೆ ಎಳೆದು ತಂದದ್ದು, ಚಹಾ ಕುಡಿಯುತ್ತ
ಪಾಂಟೂನಿನಲ್ಲಿ ತೇಲುತ್ತಿದ್ದ ಒಬ್ಬ ಅಜ್ಜ, ಒಬ್ಬಳು ಅಜ್ಜಿ.
ತೂತು ಬಿದ್ದ ಆ ಪಿಸ್ಟನ್ನಿನಲ್ಲಿ
ಈಗ ಪೆನ್ಸಿಲುಗಳು ನಿಂತಿವೆ.

ತುಂಬಿದ ಹೊಟ್ಟೆಗೆ ತುರುಕಬಾರದು, ಅನ್ನುತ್ತಾಳೆ ಲೋರ್ನಾ.
ಒಂಬತ್ತೂವರೆ ಪಟ್ಟು ಹಿಂಡುತ್ತಿದ್ದದ್ದನ್ನು ಎಂಟಕ್ಕೆ ಇಳಿಸಿದ್ದೇವೆ.
ಹೊಸ ಪಿಸ್ಟನ್ನುಗಳ ತಲೆಯಲ್ಲಿ
ಉಪ್ಪಿನಕಾಯಿ ಬಟ್ಟಲಿನಷ್ಟು ತಗ್ಗು.
ಅಂದರೆ, ಬಲ ಬರುವ ಮುಂಚೆ
ಎಂಜಿನ್ನು ಇದ್ದದ್ದಕ್ಕಿಂತ ಬಡವಾಗಬೇಕು.
ಇದನ್ನು ಆರ್ಮಾಂಡನಿಗೆ ಯಾರು ಹೇಳುವುದು!

ಇವತ್ತು ಉಂಗುರಗಳ ಸರದಿ.
ಒಂದೊಂದನ್ನೂ ಸಿಲಿಂಡರಿಗೆ ಇಳಿಸಿ,
ಬೋರಲು ಪಿಸ್ಟನ್ನಿನಿಂದ ನೆಟ್ಟಗೆ ತಳ್ಳಿ,
ತುದಿಗೂ ತುದಿಗೂ ನಡುವಿನ ಸೀಳಿನೊಳಗೆ
ಫೀಲರ್ ಗೇಜಿನ ಎಲೆ ತೂರಿಸಿ ನೋಡುವುದು.
ಅಂಗುಲವನ್ನು ಸಾವಿರ ಹೋಳು ಮಾಡಿದರೆ
ಅದರಲ್ಲಿ ಇಪ್ಪತ್ತೆಂಟು ಹೋಳು ಬೇಕು.
ಇಲ್ಲವೋ, ತೆಗೆ, ಅರಕ್ಕೆ ಉಜ್ಜು,
ಇಳಿಸು, ನೋಡು,
ತೆಗೆ.

"ತಣ್ಣಗಿರುವಾಗ ಎಲ್ಲ ಉಂಗುರವೂ ಸರಿಯಾಗೇ ಕಾಣುತ್ತೆ.
ಬಿಸಿಯಾದರೆ ಹಿಗ್ಗುತ್ತೆ.
ಹಿಗ್ಗಲಿಕ್ಕೆ ಜಾಗ ಬಿಟ್ಟಿರದಿದ್ದರೆ
ಬಾಯಿಗೆ ಬಾಯಿ ಕೊಟ್ಟು ಪಿಸ್ಟನ್ನನ್ನೇ ಒಡೆಯುತ್ತೆ."

ಅವಳ ಬೆರಳಿನದಕ್ಕೂ ಬಾಯಿ ಇದೆ.
ಒಂಬತ್ತು ವರ್ಷದ ಹಿಂದೆ ಸರಪಳಿಗೆ ಸಿಕ್ಕಿ ಬೆರಳು ಊದಿ
ಆಸ್ಪತ್ರೆಯಲ್ಲಿ ನರ್ಸು ಪುಟ್ಟ ಗರಗಸದಿಂದ ಕತ್ತರಿಸಿದ್ದು.
ಹಾಗೇ ತೊಡುತ್ತಾಳೆ. ಕೆಲಸಕ್ಕೆ ಕೂರುವಾಗ
ಆ ಸೀಳಿನಿಂದಲೇ ಅಂಗಿಯ ಗುಂಡಿತೂತಿಗೆ ಸಿಕ್ಕಿಸುತ್ತಾಳೆ.
ಬೆಸುಗೆ ಹಾಕಿಸಬಹುದಿತ್ತಲ್ಲ, ಎಂದೆ.
ಏಳನೆಯದನ್ನು ಬೆಳಕಿಗೆ ಹಿಡಿದಿದ್ದಳು.
ಕೇಳಿಸಲಿಲ್ಲವೇನೋ.

ಒಂಬತ್ತು ಗಂಟೆಗೆ ಬಾಗಿಲು ತಟ್ಟಿ, ಹೌದು,
ತನ್ನದೇ ಶೆಡ್ಡಿನ ಬಾಗಿಲು ತಟ್ಟಿ,
ಬಟಾಣಿ ಸೂಪಿನ ಪಾತ್ರೆ ಹಿಡಿದು ಆರ್ಮಾಂಡ್ ಬಂದ.
ನೆಲಕ್ಕೆ ಅವಳು ಅಂಟಿಸಿದ ಹಳದಿ ಪಟ್ಟಿಯ ಆಚೆಗೇ ನಿಂತ.
ಪೆಟ್ಟಿಗೆ ನೋಡಿದ. ಬೆಕ್ಕು ನೋಡಿದ.
"ಯಾವಾಗ?"
"ಮಂಜು ಕರಗಲಿ."
ದೂರದಲ್ಲಿ ಸರೋವರದ ಗಡ್ಡೆ
ಒಂದು ದಡದಿಂದ ಇನ್ನೊಂದಕ್ಕೆ ಗುಡುಗಿತು.

ಲೋರ್ನಾ ಒಂದು ಉಂಗುರ, ಒಂದು ಅರ ಎತ್ತಿ
ಪಟ್ಟಿಯ ಆಚೆಗೆ ಚಾಚಿದಳು.
"ಇಪ್ಪತ್ತಾರಿದೆ. ಒಂದೇ ದಿಕ್ಕಿಗೆ ಉಜ್ಜು."
ಅವನು ಕೈಗವಸು ಕಳಚಿದ. ಕನ್ನಡಕ ಹುಡುಕಿದ.
ಎರಡು ಸಲ ಉಜ್ಜಿ, ಊದಿ ಪುಡಿ ಹಾರಿಸಿ,
ಸಿಲಿಂಡರಿಗೆ ತಾನೇ ಇಳಿಸಿ ನೋಡಲು
ಪಟ್ಟಿ ದಾಟಿ ಬಂದದ್ದನ್ನು
ಅವನೂ ಗಮನಿಸಲಿಲ್ಲ.

ಸೂಪಿನ ಮೇಲೆ ಕೆನೆಗಟ್ಟಿತು.
"ಇಪ್ಪತ್ತೇಳು," ಎಂದ.
ನಾವು ಏನೂ ಹೇಳಲಿಲ್ಲ.
ಮತ್ತೆ ಉಜ್ಜತೊಡಗಿದ.